ಸೂಜಿ ಹಾಕದ ದಿನ

ಬೆಳಿಗ್ಗೆ ಆರಕ್ಕೆ ಸೀಮೆಎಣ್ಣೆ ಸ್ಟೋವ್ ಹೊತ್ತಿಸುವಾಗಲೇ ನನ್ನ ಸಿಟ್ಟೂ ಹೊತ್ತಿಕೊಳ್ಳುತ್ತಿತ್ತು. ಗಾಜಿನ ಸಿರಿಂಜುಗಳನ್ನು ಬಿಡಿಸಿ, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ, ಸೂಜಿಗಳ ಜೊತೆ ತಟ್ಟೆಯ ನೀರಿನಲ್ಲಿಟ್ಟು ಇಪ್ಪತ್ತು ನಿಮಿಷ ಕುದಿಸಬೇಕು. ಸ್ಟೋವಿನ ಕಣ್ಣು ಕಟ್ಟಿಕೊಂಡರೆ ಅದೇ ಕೆಲಸಕ್ಕೆ ಮುಕ್ಕಾಲು ಗಂಟೆ. ಸೂಜಿಗಳು ಮೊಂಡಾಗಿದ್ದರೆ ಕಲ್ಲಿಗೆ ಉಜ್ಜಿ ಚೂಪು ಮಾಡಬೇಕು. ಅಷ್ಟರೊಳಗೆ ಹೊರಗಿನ ಜಗಲಿಯಲ್ಲಿ ಕೆಮ್ಮುವವರ ಸಾಲು ಸೇರಿರುತ್ತಿತ್ತು. ಹನ್ನೊಂದು ಮಂದಿ ಇರಬೇಕಾದಲ್ಲಿ ಎಂಟು. ಉಳಿದ ಮೂವರನ್ನು ಹುಡುಕುವುದೂ ನನ್ನ ಕೆಲಸವೇ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಬೆಳಗಾವಿಯಿಂದ ಹಿಂಡಲಗಾಕ್ಕೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ಗೋದಾಮಿನಲ್ಲಿ, ಊರಿನ ಕೆಲವು ಹಿರಿಯರು ಸೇರಿ ಮನೆಯಿಲ್ಲದವರಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರು. ರೈಲು ನಿಲ್ದಾಣದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಗುಡಿಗಳ ಮುಂದೆ ಮಲಗುವವರನ್ನು ಕರೆತಂದು, ಊಟ ಕೊಟ್ಟು, ಗಂಡಸರಿಗೊಂದು ಹೆಂಗಸರಿಗೊಂದು ತಗಡಿನ ಶೆಡ್ಡಿನಲ್ಲಿ ಜಾಗ ಕೊಡುತ್ತಿದ್ದರು. ನಾನು ಅಲ್ಲಿ ಆರೋಗ್ಯ ಸಹಾಯಕ. ಕ್ಷಯರೋಗಿಗಳಿಗೆ ದಿನಾ ಸ್ಟ್ರೆಪ್ಟೋಮೈಸಿನ್ ಚುಚ್ಚುವುದು, ಗುಳಿಗೆಗಳನ್ನು ಕಣ್ಣೆದುರೇ ನುಂಗಿಸುವುದು, ಪ್ರತಿಯೊಬ್ಬರ ಕಾರ್ಡು ತುಂಬುವುದು ನನ್ನ ಪಾಲಿನದು.

ಮನೆಯಲ್ಲಿ ಇಷ್ಟಲಿಂಗ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಸೈಕಲ್ ಹತ್ತುತ್ತಿದ್ದೆ. ಈ ಕೆಲಸ ಸಿಕ್ಕಾಗ ನಮ್ಮಪ್ಪ, “ಪೂಜಿ ಮನ್ಯಾಗಷ್ಟ ಅಲ್ಲಪಾ, ಇನ್ನ ನಿಂಗ ದಿನಾಪೂರ್ತಿ ಪೂಜಿನ” ಎಂದು ಹಿಗ್ಗಿದ್ದರು. ಮೊದಲ ವರ್ಷ ನಾನೂ ಹಾಗೆಯೇ ಅಂದುಕೊಂಡಿದ್ದೆ. ಎರಡನೆಯ ವರ್ಷದ ಹೊತ್ತಿಗೆ ಪೂಜೆಯ ಮಾತು ಹೋಗಿ ಸೂಜಿ ತಪ್ಪಿಸಿಕೊಂಡು ಓಡುವವರಷ್ಟೇ ಕಾಣತೊಡಗಿದ್ದರು. ಅರವತ್ತು ಸೂಜಿ ಮುಗಿಯಬೇಕು, ಆಮೇಲೆ ವರ್ಷಕ್ಕಿಂತ ಹೆಚ್ಚು ಕಾಲ ಗುಳಿಗೆ. ಇಪ್ಪತ್ತು ಸೂಜಿಗೆ ಕೆಮ್ಮು ನಿಂತಿತೆಂದರೆ ಒಬ್ಬ ಮಾಯವಾಗುತ್ತಿದ್ದ. ಎರಡು ತಿಂಗಳ ನಂತರ ರಕ್ತ ಕಾರುತ್ತಾ ಅದೇ ರೈಲು ನಿಲ್ದಾಣದಲ್ಲಿ ಸಿಗುತ್ತಿದ್ದ. ಮತ್ತೆ ಮೊದಲಿನಿಂದ ಶುರು. ನಾನು ಯಾರ ಮೇಲೆ ದಯೆ ತೋರಿಸುತ್ತಿದ್ದೇನೋ ಅವರ ಮುಖ ಕಂಡರೇ ನನಗೆ ಆಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಆ ಇಬ್ಬರು ಬಂದರು. ಒಬ್ಬ ಅಜ್ಜ, ಅರವತ್ತು ದಾಟಿದವನು, ಎರಡೂ ಕಣ್ಣು ಕಾಣದು. ಅವನ ಕೈ ಹಿಡಿದು ಒಬ್ಬಳು ಹೆಂಗಸು, ಐವತ್ತರ ಆಸುಪಾಸಿನವಳು. ಆಶ್ರಮದಲ್ಲಿ ಎಲ್ಲರೂ ಅವಳನ್ನು, ಮರಾಠಿಯಲ್ಲಿ ತಾಯಿಯನ್ನು ಕರೆಯುವಂತೆ, ಆಯಿ ಎಂದೇ ಕರೆದರು. ದಾಖಲೆ ಪುಸ್ತಕ ಬಿಚ್ಚಿ, ಸಂಬಂಧ ಎಂದಿದ್ದ ಕಡೆ ಲೇಖನಿ ಇಟ್ಟು ಕೇಳಿದೆ:

“ಇವ ನಿನಗೇನಾಗಬೇಕು?”

“ಏನೂ ಆಗೂದಿಲ್ರಿ.”

“ಮತ್ತ ಯಾಕ ಕೈ ಹಿಡಕೊಂಡ ತಿರಗತಿ?”

“ಖಾನಾಪುರದಾಗ ಹಂಚಿನ ಭಟ್ಟಿ ಒಳಗ ಇಬ್ಬರೂ ದುಡಿತಿದ್ವಿರಿ. ಭಟ್ಟಿ ಬಂದ್ ಆತು. ಅವಂಗ ಆಮ್ಯಾಲೆ ಕಣ್ಣ ಹೋದ್ವು. ಎಲ್ಲಾರೂ ಅವರವರ ಊರಿಗೆ ಹೋದ್ರು. ಇವಂಗ ಹೋಗಾಕ ಊರ ಇರಲಿಲ್ಲ.”

ಅಷ್ಟೇ ಅವಳ ವಿವರಣೆ. ನಾನು ಆ ಕಾಲಂ ಖಾಲಿ ಬಿಟ್ಟು, ಮೇಲ್ವಿಚಾರಕರಿಂದ ಬೈಸಿಕೊಂಡೆ.

ಅಜ್ಜನ ಕಫದಲ್ಲಿ ರೋಗಾಣು ಕಂಡವು. ಸೂಜಿ ಶುರುವಾಯಿತು. ಮೊದಲ ನಾಲ್ಕು ವಾರ ಅವನಷ್ಟು ನೆಟ್ಟಗಿನ ರೋಗಿಯನ್ನು ನಾನು ನೋಡಿರಲಿಲ್ಲ. ಆಯಿ ಹೆಂಗಸರ ಶೆಡ್ಡಿನಿಂದ ಬಂದು ಅವನನ್ನು ಸಾಲಿನ ಮೊದಲಿಗೇ ನಿಲ್ಲಿಸುತ್ತಿದ್ದಳು. ಪುಡಿಯ ಸೀಸೆಗೆ ನೀರು ಹಾಕಿ ನಾನು ಅಲುಗಾಡಿಸುವ ಸಪ್ಪಳ ಕೇಳುತ್ತಲೇ ಅವನು ಧೋತರ ಸಡಿಲಿಸಿ ಗೋಡೆ ಕಡೆ ತಿರುಗುತ್ತಿದ್ದ. ಇಂದು ಎಡಕ್ಕೆ ಚುಚ್ಚಿದರೆ ನಾಳೆ ಬಲಕ್ಕೆ. ಯಾವ ಕಡೆ ಎಂಬುದನ್ನು ನಾನು ಮರೆತರೂ ಅವನು ಮರೆಯುತ್ತಿರಲಿಲ್ಲ.

ಐದನೆಯ ವಾರದಿಂದ ಅವನು ತಡವಾಗಿ ಬರತೊಡಗಿದ. ಮೊದಲಿಗನಾಗಿದ್ದವನು ಕಡೆಯವನಾದ. ಒಂದು ದಿನ ಬರಲೇ ಇಲ್ಲ. ನಾನೇ ಶೆಡ್ಡಿಗೆ ಹೋದರೆ ಚಾಪೆಯ ಮೇಲೆ ಗೋಡೆ ಹಿಡಿದು ಕೂತಿದ್ದ. ಆಯಿ ಏನೋ ಹೇಳಲು ಬಂದಳು. “ಅಣ್ಣಾರ, ಇವಂಗ ಎದ್ದ ನಿಂತ ಕೂಡಲೇ...” ನನಗೆ ಇನ್ನೂ ಆರು ಜನರ ಸೂಜಿ ಬಾಕಿಯಿತ್ತು. “ನೆವಾ ಹೇಳಬ್ಯಾಡ, ಕರಕೊಂಡ ಬಾ” ಎಂದು ಹೊರಟು ಬಂದೆ. ಮತ್ತೊಂದು ದಿನವೂ ಅವಳು ಬಾಯಿ ತೆರೆದಳು. ಆ ದಿನ ಸ್ಟೋವ್ ಕೆಟ್ಟಿತ್ತು. ಏನು ಹೇಳಿ ಸಾಗಹಾಕಿದೆನೋ ನೆನಪಿಲ್ಲ.

ನಲವತ್ತೊಂದನೆಯ ಸೂಜಿ ಹಾಕಿದ ಮರುದಿನ ಬೆಳಿಗ್ಗೆ ಅಜ್ಜ ಒಬ್ಬನೇ ಬಂದ. ಗೋಡೆಗೆ ಕೈಯೂರಿಕೊಂಡು, ಕಾಲುಗಳನ್ನು ಅಗಲಿಸಿ, ಓಲಾಡುತ್ತಾ ಬಂದ. ಗೋಡೆ ಮುಗಿದಲ್ಲಿ ಕೈಗೆ ಆಧಾರ ತಪ್ಪಿತು. ನೇರ ನನ್ನ ಮೇಜಿನ ಮೇಲೆ ಬಿದ್ದ. ಕುದಿಸಿಟ್ಟ ತಟ್ಟೆ ನೆಲಕ್ಕುರುಳಿತು. ಮೂರು ಸಿರಿಂಜು ಚೂರಾದವು. ಆಶ್ರಮದಲ್ಲಿದ್ದುದೇ ಐದು. ಹೊಸದು ಬೇಕೆಂದು ನಾನು ಅರ್ಜಿ ಬರೆದು ಬರೆದು ಬೇಸತ್ತಿದ್ದೆ.

“ಮುಂಜಾನೆ ಮುಂಜಾನೆ ಕುಡದ ಬಂದಿಯೇನೋ!” ಎಂದು ಕೂಗಿದೆ.

ಅಜ್ಜ ನೆಲದ ಮೇಲೆ ಕೂತಲ್ಲೇ ತಲೆ ಆಡಿಸಿದ. ಸಪ್ಪಳ ಕೇಳಿ ಆಯಿ ಓಡಿ ಬಂದಳು. “ಕುಡದಿಲ್ರಿ ಅಣ್ಣಾರ, ಅವ ಎಂದೂ ಮುಟ್ಟಿಲ್ಲ. ಅವಂಗ ನೆಲಾ...”

“ನೀ ಬಾಯಿ ಮುಚ್ಚು.”

ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅವನ ಬಾಯಿಯಿಂದ ವಾಸನೆ ಬರುತ್ತಿರಲಿಲ್ಲ. ಅದು ನನಗೆ ಆಗಲೇ ಗೊತ್ತಾಗಿತ್ತು. ಇಂದಿಗೂ ಅದನ್ನು ನನ್ನಿಂದ ಮುಚ್ಚಿಡಲಾಗದು. ಆದರೆ ಒಡೆದ ಗಾಜಿಗೆ ಯಾರಾದರೂ ಹೊಣೆಯಾಗಬೇಕಿತ್ತು. ದಾಖಲೆ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ “ಕುಡಿದು ಬಂದು ಗಲಾಟೆ ಮಾಡಿದ್ದರಿಂದ ಹೊರಹಾಕಲಾಗಿದೆ” ಎಂದು ಬರೆದೆ. ಮೇಲ್ವಿಚಾರಕರು ಚಹಾ ಕುಡಿಯುತ್ತಾ ಸಹಿ ಮಾಡಿದರು. ಅಮಲಿಳಿದ ಮೇಲೆ ನಾಳೆ ಗೇಟಿನ ಹತ್ತಿರ ಬಂದರೆ ಸೂಜಿ ಹಾಕುತ್ತೇನೆ ಎಂದು, ಅವನ ಜೊತೆಗೇ ಹೊರಟು ನಿಂತ ಆಯಿಗೆ ಹೇಳಿ ಕಳಿಸಿದೆ. ಅದನ್ನು ನಾನು ದೊಡ್ಡ ಉಪಕಾರವೆಂದೇ ತಿಳಿದಿದ್ದೆ.

ಅವರು ಬರಲಿಲ್ಲ. ಒಂಬತ್ತು ದಿನ ಕಳೆಯಿತು. ಕ್ಷಯದ ಡಾಕ್ಟರು ಕಾರ್ಡುಗಳನ್ನು ನೋಡಲು ಬಂದಾಗ ಅಜ್ಜನ ಕಾರ್ಡಿನ ಮೇಲೆ ಬೆರಳಿಟ್ಟರು.

“ಇವ ಎಲ್ಲಿ?”

“ಕುಡದ ಬಂದಿದ್ದ ಸರ್. ಹೊರಗ ಹಾಕೇವಿ.”

“ಕುಡದರ ರೋಗ ಹೋಗತೈತೇನು? ಅರ್ಧ ಔಷಧ ತಿಂದ ರೋಗಾಣು ಆ ಔಷಧಕ್ಕ ಹೆದರೂದ ಬಿಟ್ಟಬಿಡತಾವು. ಹುಡಿಕ್ಕೊಂಡ ಬಾ.”

ರಜೆಯ ದಿನವೇ ಹೊರಡಬೇಕಾಯಿತು. ಬೆಳಗಾವಿ ರೈಲು ನಿಲ್ದಾಣದಲ್ಲಿ ಎರಡೂ ತುದಿ ತಿರುಗಿದೆ. ಬಸ್ ಸ್ಟ್ಯಾಂಡು, ಖಡೇ ಬಜಾರು, ಕ್ಯಾಂಪಿನ ಮರಗಳ ಕೆಳಗೆ, ಎಲ್ಲೂ ಇಲ್ಲ. ಕಡೆಗೆ ನಿಲ್ದಾಣದ ನಲ್ಲಿಯ ಹತ್ತಿರ ಕೂರುವ ಒಬ್ಬಳು, “ಆಯಿ ಹಳೇ ಭಟ್ಟಿಗೆ ಹೋಗಿರಬೇಕ ನೋಡ್ರಿ, ಖಾನಾಪುರಕ್ಕ” ಎಂದಳು. ಎರಡು ಸಿರಿಂಜು, ಒಂದು ಸೀಸೆ ಔಷಧಿ, ಸ್ಪಿರಿಟ್ಟು, ಹತ್ತಿ, ಅಜ್ಜನ ಕಾರ್ಡು ಎಲ್ಲವನ್ನೂ ಡಬ್ಬಿಗೆ ತುಂಬಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿದೆ. ಆ ಗಾಡಿ ದೇಸೂರಿನಲ್ಲಿ ಎದುರುಗಾಡಿಗಾಗಿ ಒಂದು ಗಂಟೆ ನಿಂತಿತು. ಕೂತಲ್ಲೇ ನಾನು ಆ ಇಬ್ಬರಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಒಂದೂ ಒಳ್ಳೆಯ ಮಾತಾಗಿರಲಿಲ್ಲ.

ಖಾನಾಪುರದಲ್ಲಿ ಇಳಿದಾಗ ಮಳೆ ಹಿಡಿದಿತ್ತು. ನಿಲ್ದಾಣದ ಹೊರಗೆ ಚಹಾದ ಅಂಗಡಿಯವನನ್ನು ಕೇಳಿದೆ. ಅವನು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದ: “ತೋ ಆಂಧಳಾ, ಆ ಕುರುಡ? ಹಾಂ, ಅದಾನ್ರಿ. ನದಿ ಬಾಜು, ಬಂದ್ ಬಿದ್ದಿರೋ ಭಟ್ಟಿ ಅದ ನೋಡ್ರಿ, ಅಲ್ಲೆ. ಆಯಿ ನಂದಗಡ ಸಂತಿಗೆ ಹೋಗಿ ಕಾಳು ಕಡಿ ಬೇಡಕೊಂಡ ಬರತಾಳ.” ಕೆಸರಿನಲ್ಲಿ ಅರ್ಧ ತಾಸು ನಡೆದೆ. ಒಂದು ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ, ಅದನ್ನು ಕೈಯಲ್ಲಿ ಹಿಡಿದುಕೊಂಡೆ.

ಭಟ್ಟಿಯ ಮಾಡು ಮುಕ್ಕಾಲು ಬಿದ್ದಿತ್ತು. ಒಂದು ಮೂಲೆಯಲ್ಲಷ್ಟೇ ಹಂಚು ಉಳಿದಿತ್ತು. ಆ ಮೂಲೆಯಿಂದ ಹೊರಗಿನ ಬಾವಿಯವರೆಗೆ, ಅಲ್ಲಿಂದ ಆಚೆ ಪೊದೆಯವರೆಗೆ, ಸೊಂಟದ ಎತ್ತರಕ್ಕೆ ಒಂದು ಕತ್ತದ ಹಗ್ಗ ಬಿಗಿದಿತ್ತು. ಬಟ್ಟೆ ಒಣಹಾಕಲು ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಅಜ್ಜ ಹೊರಗೆ ಬಂದ. ಎರಡೂ ಕೈಯಲ್ಲಿ ಹಗ್ಗ ಹಿಡಿದು, ಒಂದೊಂದೇ ಹೆಜ್ಜೆ ಸರಿದು, ದೋಣಿಯಲ್ಲಿ ನಿಂತವನ ಹಾಗೆ ತೂಗಾಡುತ್ತಾ ಬಂದ. ಕುಡಿದವನು ಹೀಗೆ ಎಚ್ಚರಿಕೆಯಿಂದ ನಡೆಯುವುದಿಲ್ಲ.

ಆಯಿ ನನ್ನನ್ನು ನೋಡಿ ಎದ್ದು ನಿಂತಳು. ಬೈಗುಳಕ್ಕೆ ಸಿದ್ಧವಾದಂತೆ ಒಂದು ಕ್ಷಣ ತಲೆ ತಗ್ಗಿಸಿದಳು. ಆಮೇಲೆ ನನ್ನ ಅಂಗಿಯಿಂದ ನೀರು ತೊಟ್ಟಿಕ್ಕುವುದನ್ನು ಕಂಡು, ಒಣಗಿದ್ದ ಆ ಮೂಲೆಯಿಂದ ತನ್ನ ಗಂಟನ್ನು ಎಳೆದು ಹೊರಗಿಟ್ಟಳು.

“ಒಳಗ ಬರ್ರಿ. ಇಲ್ಲಿ ಸೋರೂದಿಲ್ಲ, ಕುಂದರ್ರಿ.”

ನಾನು ಕೂತ ಮೇಲೆ ಅವಳಿಗೆ ಕೂರಲು ಒಣ ಜಾಗ ಉಳಿಯಲಿಲ್ಲ. ತಲೆಯ ಮೇಲೆ ಗೋಣಿ ಹೊದ್ದು, ಮೂರು ಕಲ್ಲಿನ ಒಲೆಯ ಮೇಲಿಂದ ಅಕ್ಕಿಯ ಭಕ್ಕರಿ ತೆಗೆದು ಅಂಗೈ ಮೇಲೆ ಮುರಿದಳು. ಮೇಲೆ ಹಸಿಮೆಣಸಿನಕಾಯಿಯ ಖಾರ.

“ಉಣ್ರಿ ಮೊದಲ. ಬೈಯೂದು ಆಮ್ಯಾಲೆ.”

ಅವರ ಪಾಲಿಗೆ ಇದ್ದುದು ಎರಡೇ ಭಕ್ಕರಿ. ಕಂಡಕಂಡಲ್ಲಿ ಉಣ್ಣುವ ಮನೆತನ ನಮ್ಮದಲ್ಲ. ಬೇಡವೆನ್ನಲು ಬಾಯಿ ತೆರೆದೆ. ಹಸಿವೋ ನಾಚಿಕೆಯೋ, ಕೈ ಮುಂದಾಯಿತು. ಆಶ್ರಮಕ್ಕೆ ಸೇರಲು ಬಂದವರನ್ನು ಊಟಕ್ಕೆ ಮುಂಚೆ ಹೆಸರು, ಊರು, ಜಾತಿ, ಸಂಬಂಧ ಕೇಳಿ ಬರೆದುಕೊಳ್ಳುತ್ತಿದ್ದವನು ನಾನು. ಇಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಉಂಡ ಮೇಲೆ ಡಬ್ಬಿ ಬಿಚ್ಚಿದೆ. ಆಯಿಯ ಒಲೆಯ ಮೇಲೆಯೇ ನೀರಿಟ್ಟು ಸಿರಿಂಜು ಕುದಿಸಿದೆ. ಸೀಸೆಗೆ ನೀರು ಹಾಕಿ ಅಲುಗಾಡಿಸಿದೆ. ಆ ಸಪ್ಪಳಕ್ಕೆ ಅಜ್ಜ ತಲೆ ಎತ್ತಿದ.

“ಸೂಜಿ ತಂದೀರೇನ್ರಿ? ಹಾಕ್ರಿ. ಇಷ್ಟ ದೂರ ಮಳ್ಯಾಗ ಬಂದೀರಿ.”

ಗೋಡೆ ಹಿಡಿದು ಏಳಲು ನೋಡಿದ. ಅರ್ಧಕ್ಕೇ ಕುಸಿದ. ಆಯಿ ಬಂದು ಅವನ ಹೆಗಲು ಹಿಡಿದಳು. ಈ ಸಲ ಅವಳ ಮಾತನ್ನು ತಡೆಯಲು ನನ್ನ ಬಳಿ ಕೆಟ್ಟ ಸ್ಟೋವ್ ಇರಲಿಲ್ಲ, ಸಾಲೂ ಇರಲಿಲ್ಲ.

“ಅಣ್ಣಾರ, ಈ ಸೂಜಿ ಸುರು ಆಗಿ ತಿಂಗಳ ಆದಮ್ಯಾಲೆ ಇವಂಗ ನೆಲಾ ತಿರಗಾಕ ಹತ್ತೇತ್ರಿ. ಕಿವ್ಯಾಗ ಗುಂಯ್ ಅಂತ ಒಂದ ಸಮನ ಸಪ್ಪಳ. ಕಣ್ಣಂತೂ ಇಲ್ಲ. ಕಿವಿ ಮ್ಯಾಲೆ, ಕಾಲಿನ ಮ್ಯಾಲೆ ಬದಕಿದಾವ. ಅವೂ ಹೋದ್ರ ಹೆಂಗ್ರಿ? ಇದನ್ನ ಹೇಳಬೇಕಂತ ನಾ ಮೂರ ಸಲ ಬಂದೆ.”

ಅಜ್ಜ ಅವಳನ್ನೇ ಗದರಿದ: “ಇರಲಿ ಬಿಡ. ಅಣ್ಣಾರು ಇಷ್ಟು ದೂರ ಬಂದಾರ. ಹಾಕಲಿ.” ಗೋಡೆ ಕಡೆ ಹೊರಳಿ ಧೋತರ ಸಡಿಲಿಸಿದ. “ಇವತ್ತ ಬಲಕ್ಕರಿ.”

ಸಿರಿಂಜು ತುಂಬಿ ನನ್ನ ಕೈಯಲ್ಲಿತ್ತು. ಅದನ್ನು ತಟ್ಟೆಯಲ್ಲಿಟ್ಟೆ. ತರಬೇತಿಯಲ್ಲಿ ಮೊದಲ ದಿನವೇ ಕಲಿಸಿದ್ದರು: ಸ್ಟ್ರೆಪ್ಟೋಮೈಸಿನ್ ಕಿವಿಯ ಒಳಗಿನ ನರಕ್ಕೆ ಹೊಡೆಯಬಹುದು, ಸಮತೋಲ ತಪ್ಪಬಹುದು, ವಯಸ್ಸಾದವರಲ್ಲಿ ಹೆಚ್ಚು, ಆದ್ದರಿಂದ ದಿನಾ ಸೂಜಿಗೆ ಮುಂಚೆ ಕೇಳಲೇಬೇಕು. ಅದಕ್ಕೆಂದೇ ಕಾರ್ಡಿನಲ್ಲಿ ಒಂದು ಸಾಲು ಇತ್ತು. ಅಜ್ಜನ ಕಾರ್ಡು ತೆಗೆದೆ. “ತಲೆ ತಿರುಗುವುದು, ಕಿವಿ ಗುಂಯ್‌ಗುಡುವುದು” ಎಂಬುದರ ಮುಂದೆ ನಲವತ್ತೊಂದು ಸಲ “ಇಲ್ಲ” ಎಂದಿತ್ತು. ಎಲ್ಲವೂ ನನ್ನ ಅಕ್ಷರ. ಶನಿವಾರ ಸಂಜೆ ಕೂತು ವಾರದ್ದನ್ನೆಲ್ಲ ಒಟ್ಟಿಗೆ ತುಂಬುತ್ತಿದ್ದೆ. ಒಂದು ದಿನವೂ ಕೇಳಿರಲಿಲ್ಲ.

ಎರಡೂ ಪಾದ ಜೋಡಿಸಿ ನಿಲ್ಲಲು ಅಜ್ಜನಿಗೆ ಹೇಳಿದೆ. ನಾನು ಹಿಡಿಯದಿದ್ದರೆ ಒಲೆಯ ಮೇಲೇ ಬೀಳುತ್ತಿದ್ದ.

“ಸೂಜಿ ಬ್ಯಾಡ ಅಜ್ಜಾ,” ಎಂದೆ. “ಇನ್ನ ಸೂಜಿ ಇಲ್ಲ.”

ಔಷಧವನ್ನು ನೆಲಕ್ಕೆ ಚೆಲ್ಲಿದೆ. ಸೂಜಿ ನಿಲ್ಲಿಸಲು ನನಗೆ ಅಧಿಕಾರವಿರಲಿಲ್ಲ. ಅದು ಡಾಕ್ಟರ ಮಾತಾಗಬೇಕಿತ್ತು. ಆದರೆ ಅವನಿಗೆ ಮತ್ತೊಂದು ಸೂಜಿ ಚುಚ್ಚಲು ನನ್ನಿಂದ ಆಗಲಿಲ್ಲ. ಯಾಕೆ ಎಂದು ಅವರಿಗೆ ಹೇಳಲೂ ಆಗಲಿಲ್ಲ. “ಸಾಕಷ್ಟು ಆಗ್ಯಾವು, ಇನ್ನ ಗುಳಿಗಿ ಅಷ್ಟ” ಎಂದು ಸುಳ್ಳು ಪೋಣಿಸಿದೆ. ಆಯಿ ಎರಡೂ ಕೈ ಎತ್ತಿ, “ದೇವರ ನಿಮ್ಮನ್ನ ಚಲೋ ಇಡಲಿ” ಎಂದಳು. ಆ ಮಾತಿನಷ್ಟು ಯಾವ ಬೈಗುಳವೂ ನನ್ನನ್ನು ಚುಚ್ಚಿಲ್ಲ.

ಮರುದಿನ ಡಾಕ್ಟರ ಮುಂದೆ ಕಾರ್ಡಿಟ್ಟು ಎಲ್ಲ ಹೇಳಿದೆ. ಅವರು ಕಾರ್ಡಿನ ಆ ಸಾಲಿನ ಮೇಲೆ ಬೆರಳೆಳೆದರು.

“ಕಣ್ಣಿದ್ದಾವಗ ಸಮತೋಲ ತಪ್ಪಿದ್ರ ನೋಡಿ ಸಾವರಿಸ್ಕೋತಾನ. ಇವ ಏನ ನೋಡಿ ನಿಲ್ಲಬೇಕು? ನಲವತ್ತೊಂದ ಸಲ ಇಲ್ಲ ಅಂತ ಬರದೀಯಲ್ಲೋ, ಬರಿಯೂ ಮುಂದ ಒಂದ ಸಲ ಕೇಳಾಕ ಏನಾಗಿತ್ತು ನಿನಗ?”

ಅವರು ಕಾರ್ಡಿನಲ್ಲಿ ಸೂಜಿಯನ್ನು ಹೊಡೆದುಹಾಕಿ ಗುಳಿಗೆಗಳನ್ನಷ್ಟೇ ಬರೆದುಕೊಟ್ಟರು. ಹೋದ ಸಮತೋಲ ಎಷ್ಟು ತಿರುಗಿ ಬರುತ್ತದೋ ಹೇಳಲಾಗದು ಎಂದರು.

ಅಜ್ಜನನ್ನು ವಾಪಸು ಆಶ್ರಮಕ್ಕೆ ಸೇರಿಸಬೇಕೆಂದು ಕಾರ್ಯದರ್ಶಿಯ ಬಳಿ ಹೋದೆ. ಪಟ್ಟಣದಲ್ಲಿ ಗೌರವವಿದ್ದ ಮನುಷ್ಯ, ಕೆಟ್ಟವರಲ್ಲ. “ಕುಡದಾನ ಅಂತ ಹೊರಗ ಹಾಕಿದವರನ್ನ ತಿರುಗಿ ತಗೊಳ್ಳೂದಿಲ್ಲ, ನಿಯಮ ಐತಿ” ಎಂದರು.

“ಅವ ಕುಡದಿರಲಿಲ್ರಿ. ತಪ್ಪು ನಂದು. ಬರದ ಕೊಡತೀನಿ.”

“ಹಂಗ ಬರದ ಕೊಟ್ಟರ ಸಂಸ್ಥೆಗೆ ಕೆಟ್ಟ ಹೆಸರಲ್ಲೇನು? ಅವರೇನು ದೂರು ಕೊಟ್ಟಾರೇನು? ಇಲ್ಲ. ಮತ್ತ ನೀ ಯಾಕ ಎಬ್ಬಸತಿ? ಸುಮ್ಮನಿರು.”

ಮೂರು ಸಲ ಹೋದೆ. ಮೂರೂ ಸಲ ಚಹಾ ಕೊಟ್ಟು ಕಳಿಸಿದರು. ಮೂರನೆಯ ಸಲ ಅಲ್ಲಿಂದ ಬಂದವನೇ ದಾಖಲೆ ಪುಸ್ತಕ ಬಿಚ್ಚಿ, ನಾನು ಬರೆದ ಸಾಲನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ “ಕುಡಿದಿರಲಿಲ್ಲ. ಔಷಧದಿಂದ ತಲೆ ತಿರುಗಿದ್ದು. ಕೇಳದೆ ಇದ್ದದ್ದು ನನ್ನ ತಪ್ಪು” ಎಂದು ಬರೆದು ಸಹಿ ಹಾಕಿದೆ. ದಾಖಲೆ ತಿದ್ದಿದ್ದಕ್ಕೆ ನನಗೆ ಎಚ್ಚರಿಕೆ ಪತ್ರ ಬಂತು. ಅಜ್ಜನಿಗೆ ಜಾಗ ಬರಲಿಲ್ಲ.

ಹಾಗಾಗಿ ವಾರದ ರಜೆಯ ದಿನ ನಾನೇ ಖಾನಾಪುರಕ್ಕೆ ಹೋಗತೊಡಗಿದೆ. ಏಳು ದಿನದ ಗುಳಿಗೆಗಳನ್ನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ಕಣ್ಣಿಲ್ಲದವನಿಗೆ ಬೆರಳಿಗೆ ತಿಳಿಯಲೆಂದು ದಾರದಲ್ಲಿ ಒಂದರ ಕೆಳಗೊಂದು ಪೋಣಿಸಿ ಒಯ್ಯುತ್ತಿದ್ದೆ. ಗಾಡಿ ಎಂದೂ ಹೊತ್ತಿಗೆ ಬರಲಿಲ್ಲ. ಎರಡು ಸಲ ಹೋದಾಗ ಅವರು ಊರಲ್ಲಿರಲಿಲ್ಲ; ಒಮ್ಮೆ ನಂದಗಡದ ಸಂತೆಯಲ್ಲಿ ಹುಡುಕಿ ಹಿಡಿದೆ. ಒಂದು ವಾರ ಮಂಗಗಳು ಇಡೀ ದಾರವನ್ನೇ ಎಳೆದೊಯ್ದಿದ್ದವು. ಆ ದಿನ ಅಲ್ಲೇ ಕೂತು ಗಟ್ಟಿಯಾಗಿ ಬೈದೆ, ಮಂಗಗಳನ್ನೂ, ಭಟ್ಟಿಯನ್ನೂ, ಕಾರ್ಯದರ್ಶಿಯನ್ನೂ. ಆಯಿ ನಕ್ಕಳು. ಸಿಟ್ಟು ಹೋಗಿತ್ತು ಎಂದರೆ ಸುಳ್ಳಾಗುತ್ತದೆ. ಆದರೆ ಅದು ಈಗ ಬೇರೆ ಕಡೆ ಮುಖ ಮಾಡಿತ್ತು. ಆಶ್ರಮದ ಸಾಲಿನಲ್ಲಿ ಒಬ್ಬೊಬ್ಬರನ್ನೂ “ತಲಿ ತಿರಗತೈತೇನು? ಕಿವ್ಯಾಗ ಸಪ್ಪಳ?” ಎಂದು ಕೇಳಿ, ಉತ್ತರ ಬರುವವರೆಗೆ ಕಾಯತೊಡಗಿದೆ. ಕೆಲಸ ಒಂದು ತಾಸು ಹೆಚ್ಚಾಯಿತು. ಸಾಲಿನಿಂದ ಓಡುವವರು ಕಡಿಮೆಯಾದರು. ಆದರೂ ಓಡುವವರು ಓಡುತ್ತಲೇ ಇದ್ದರು.

ಬೆಳಗಿನ ಪೂಜೆ ಕೆಲವು ತಿಂಗಳು ಕಷ್ಟವಾಯಿತು. ಅಂಗೈ ಮೇಲಿನ ಲಿಂಗವನ್ನು ದಿಟ್ಟಿಸಲು ಕೂತರೆ ಆ ಭಕ್ಕರಿಯ ತುಂಡು ನೆನಪಾಗಿ ಕಣ್ಣು ತಗ್ಗುತ್ತಿತ್ತು. ದೇವರಿಗೆ ಹೇಳಿಕೊಂಡದ್ದನ್ನು ಆ ಇಬ್ಬರಿಗೆ ಹೇಳದೆ ಇದ್ದೇನಲ್ಲ ಎಂಬುದೇ ಕೊರೆಯುತ್ತಿತ್ತು. ಪ್ರತಿವಾರ ಹೇಳಬೇಕೆಂದು ಹೋಗುತ್ತಿದ್ದೆ. ಆಯಿ ಒಣಜಾಗ ಬಿಟ್ಟುಕೊಟ್ಟ ಕೂಡಲೇ ಧೈರ್ಯ ಉಡುಗುತ್ತಿತ್ತು.

ಒಂದೂವರೆ ವರ್ಷ ಮುಗಿಯಿತು. ಮೂರು ಸಲದ ಕಫ ಪರೀಕ್ಷೆಯಲ್ಲೂ ರೋಗಾಣು ಇರಲಿಲ್ಲ. ಅಜ್ಜ ಕೋಲೂರಿಕೊಂಡು ಬಾವಿಯವರೆಗೆ ನಡೆಯುವಷ್ಟಾಗಿದ್ದ. ಅದಕ್ಕಿಂತ ಆಚೆ ಆಯಿಯ ಹೆಗಲು ಬೇಕಿತ್ತು. ಕಿವಿಯ ಸಪ್ಪಳ ನಿಲ್ಲಲೇ ಇಲ್ಲ. ಪರೀಕ್ಷೆಯ ಚೀಟಿ ಹಿಡಿದು ಹೋದ ಆ ಮಧ್ಯಾಹ್ನ ಬಿಸಿಲಿತ್ತು. ರೋಗ ಹೋಯಿತು ಎಂದೆ. ಆಮೇಲೆ, ನಿಂತೇ, ತಡೆಯದೆ ಹೇಳಿಬಿಟ್ಟೆ: ನಾನು ಕೇಳಬೇಕಿತ್ತು, ಕೇಳಲಿಲ್ಲ, ಕೇಳಿದೆನೆಂದು ಬರೆದೆ, ಅವನ ಕಾಲು ಕಿವಿ ಹಾಳಾದದ್ದು ನನ್ನಿಂದ, ಕುಡುಕನೆಂದು ಬರೆದದ್ದೂ ನಾನೇ.

ಅಜ್ಜ ಕೋಲನ್ನು ಪಕ್ಕಕ್ಕಿಟ್ಟ.

“ಗೊತ್ತೈತ್ರಿ,” ಎಂದ.

“ಯಾವಾಗಿನಿಂದ?”

“ಆ ಮಳೀ ದಿವಸಾನ. ಸೂಜಿ ಬ್ಯಾಡ ಅಂದಾಗ ನಿಮ್ಮ ದನಿ ನಡಗಿತ್ತಲ್ಲ. ಬರೇ ಸೂಜಿ ಮುಗದಿದ್ರ ಯಾಕ ನಡಗತೈತಿ?”

“ಮತ್ತ ಇಷ್ಟ ದಿನಾ ಒಂದ ಮಾತೂ ಆಡಲಿಲ್ಲಲ್ಲ!”

ಆಯಿ ಒಲೆಯ ಮುಂದಿನಿಂದ ಉತ್ತರಿಸಿದಳು. “ನಾವ ಹೇಳಿದ್ರ ನೀವು ನಾಚಿ ಬರೂದ ಬಿಡತಿದ್ರಿ. ಗುಳಿಗಿ ಯಾರ ತರತಿದ್ರು? ಕುಂದರ್ರಿ, ಭಕ್ಕರಿ ಆರಾಕ ಹತ್ತೇತಿ.”

ಅವಳು ಗೋಣಿಯನ್ನು ಮಡಚಿ ಹಾಸಿದಳು. ನಾನು ಕೂತೆ. ಆ ಹೊತ್ತಿನಲ್ಲಿ ನನ್ನಿಂದ ಮಾಡಲಾದದ್ದು ಅಷ್ಟೇ, ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು.